ಬ್ಯಾಟರಿ ಸತ್ತಿದೆಯೋ, ಸುಸ್ತಾಗಿದೆಯೋ?

ಹೋದ ಸಂಚಿಕೆಯಲ್ಲಿ ಇನ್ವರ್ಟರ್ ಬಗ್ಗೆ ಎರಡು ಸಾಲು ಬರೆದಿದ್ದೇ ತಡ, ಈ ತಿಂಗಳ ಪ್ರಶ್ನೆಗಳೆಲ್ಲ ಅದರ ಮೇಲೇ ಬಂದಿವೆ. ತುಮಕೂರಿನಲ್ಲಿ ಯುಪಿಎಸ್ ರಿಪೇರಿ ಮಾಡಿಕೊಂಡಿರುವ ನನಗೆ ಇದೇನೂ ಹೊಸದಲ್ಲ. ಬೇಸಿಗೆ ಶುರುವಾದರೆ ಫೋನ್ ಎತ್ತಿದವರೆಲ್ಲ ಮೊದಲು ಕೇಳುವುದು "ಬ್ಯಾಟರಿ ಹೋಯ್ತಾ?" ಅಂತಲೇ. ಆಯ್ದ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇನೆ.

ನಮ್ಮ ಮನೆಯಲ್ಲಿ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. ತಂದು ಮೂರೂವರೆ ವರ್ಷವಾಯಿತು. ಮೊದಲು ಕರೆಂಟ್ ಹೋದರೆ ನಾಲ್ಕು ಗಂಟೆ ನಡೆಯುತ್ತಿತ್ತು, ಈಗ ಮುಕ್ಕಾಲು ಗಂಟೆಗೇ ಕುಂಯ್ ಅನ್ನುತ್ತದೆ. ಅಂಗಡಿಯವರು ಬಂದು ಮೀಟರ್ ಇಟ್ಟು ನೋಡಿ, "ಹೋಗಿದೆ, ಹೊಸದು ಹಾಕಿಸಿ" ಅಂದರು. ನಂಬಬಹುದಾ ಸರ್?
– ಗೃಹಿಣಿ, ತಿಪಟೂರು

ಹೋಗಿರಲೂಬಹುದು ಅಮ್ಮ, ಆದರೆ ಬರೀ ಮೀಟರ್ ಇಟ್ಟು ಅದನ್ನು ಹೇಳೋಕಾಗಲ್ಲ. ಅವರು ಬಂದಾಗ ಇನ್ವರ್ಟರ್ ಚಾರ್ಜ್ ಮಾಡುತ್ತಿತ್ತಾ? ಹಾಗಿದ್ದರೆ ಮೀಟರ್‌ನಲ್ಲಿ 13.5, 14 ಅಂತ ಏನೋ ಒಂದು ಬರುತ್ತದೆ. ಅದು ಚಾರ್ಜರ್ ಕೊಡುತ್ತಿರುವ ವೋಲ್ಟೇಜ್, ಬ್ಯಾಟರಿಯದ್ದಲ್ಲ. ಚಾರ್ಜ್ ನಿಲ್ಲಿಸಿ, ಲೋಡನ್ನೂ ತೆಗೆದು, ನಾಲ್ಕೈದು ಗಂಟೆ ಸುಮ್ನೆ ಬಿಟ್ಟು ಅಳೆಯಬೇಕು. ಆಗ 12.5ರಿಂದ 12.7ರ ನಡುವೆ ಇದ್ದರೆ ಹೊಟ್ಟೆ ತುಂಬಿದೆ ಅಂತ ಅರ್ಥ. 12ರ ಆಸುಪಾಸಿನಲ್ಲಿದ್ದರೆ ಅರ್ಧವೋ ಅದಕ್ಕಿಂತ ಜಾಸ್ತಿಯೋ ಖಾಲಿ.

ನಿಮ್ಮದು ನೀರು ಹಾಕುವ ಬ್ಯಾಟರಿ, ಹಾಗಾಗಿ ಇನ್ನೂ ಒಳ್ಳೆಯ ದಾರಿ ಇದೆ. ಹೈಡ್ರೋಮೀಟರ್ ಅಂತ ಒಂದು ಗಾಜಿನ ಕೊಳವೆ ಬರುತ್ತದೆ, ಮೇಲೆ ರಬ್ಬರ್ ಬುರುಡೆ, ಒಳಗೆ ತೇಲುವ ಪುಟ್ಟ ಕಡ್ಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಸೆಲ್‌ನ ಮುಚ್ಚಳ ಬಿಚ್ಚಿ, ಕೊಳವೆ ಇಳಿಸಿ, ಬುರುಡೆ ಒತ್ತಿ ನಿಧಾನಕ್ಕೆ ಬಿಟ್ಟರೆ ಆಸಿಡ್ ಮೇಲಕ್ಕೇರುತ್ತದೆ, ಕಡ್ಡಿ ತೇಲುತ್ತದೆ. ಆಸಿಡ್ ಮಟ್ಟ ಕಡ್ಡಿಯ ಯಾವ ಗೆರೆಗೆ ಬಂದಿದೆಯೋ ಅದೇ ಗ್ರಾವಿಟಿ, ಅಂದರೆ ಬರೀ ನೀರನ್ನು 1000 ಅಂತ ಇಟ್ಟುಕೊಂಡರೆ ಆಸಿಡ್ ಎಷ್ಟು ಭಾರ ಅನ್ನುವ ಲೆಕ್ಕ. ಮನೆ ಇನ್ವರ್ಟರ್‌ನ ಟ್ಯೂಬುಲರ್ ಬ್ಯಾಟರಿಗೆ ಸಾಮಾನ್ಯವಾಗಿ 1240ರ ಹತ್ತಿರ ಇರಬೇಕು. ಕಾರಿನ ಬ್ಯಾಟರಿಯಲ್ಲಿ ಇನ್ನೂ ಜಾಸ್ತಿ, 1280ರವರೆಗೂ ಇರುತ್ತದೆ. ಅದನ್ನು ಇದಕ್ಕೆ ಹೋಲಿಸಬೇಡಿ.

ಆರು ಸೆಲ್ ಇರುತ್ತವೆ, ಆರನ್ನೂ ನೋಡಿ ಬರೆದುಕೊಳ್ಳಬೇಕು. ಆಟ ಇರುವುದೇ ಇಲ್ಲಿ. ಆರೂ ಒಂದೇ ಸಮ 1180 ತೋರಿಸಿದರೆ ಬ್ಯಾಟರಿ ಸತ್ತಿಲ್ಲದಿರಬಹುದು, ಹಸಿದಿರಬಹುದು, ಅಂದರೆ ಚಾರ್ಜ್ ಸರಿಯಾಗಿ ಆಗುತ್ತಿಲ್ಲ. ಐದು ಸೆಲ್ 1230 ಇದ್ದು ಒಂದು ಮಾತ್ರ 1150 ತೋರಿಸಿದರೆ ಆ ಸೆಲ್ ಕೆಟ್ಟಿದೆ. ಐವತ್ತು ಪಾಯಿಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದು, ಮತ್ತೆ ಪೂರ್ತಿ ಚಾರ್ಜ್ ಮಾಡಿದರೂ ಹಾಗೇ ಇದ್ದರೆ ನಿಮ್ಮ ಅಂಗಡಿಯವರು ಹೇಳಿದ್ದು ಸರಿ. ಇನ್ನೊಂದು ಮಾತು, ನೀರು ಹಾಕಿದ ತಕ್ಷಣ ಗ್ರಾವಿಟಿ ನೋಡಬೇಡಿ. ನೀರು ಮೇಲೇ ನಿಂತಿರುತ್ತದೆ, ಲೆಕ್ಕ ತಪ್ಪುತ್ತದೆ. (ಈ ಕೆಲಸಕ್ಕೆ ಹಳೇ ಬಟ್ಟೆ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ಆಸಿಡ್ ಹನಿ ಬಿದ್ದಾಗ ಪ್ಯಾಂಟಿಗೆ ಏನೂ ಆಗಿಲ್ಲ ಅನ್ನಿಸುತ್ತದೆ, ಒಗೆದು ಒಣಗಿ ಹಾಕಿದಾಗ ತೊಡೆಯ ಮೇಲೆಲ್ಲ ರಾಗಿಕಾಳಿನಷ್ಟು ತೂತು. ನನ್ನ ಬಳಿ ಅಂಥವು ನಾಲ್ಕು ಪ್ಯಾಂಟ್ ಇವೆ.)

ಕೊನೆಗೆ ಯಾರನ್ನೂ ಕೇಳದೆ ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಭಾನುವಾರ ಬೆಳಿಗ್ಗೆ ಬ್ಯಾಟರಿ ತುಂಬಿದೆ ಅಂತ ಖಾತ್ರಿ ಮಾಡಿಕೊಂಡು, ಇನ್ವರ್ಟರ್‌ಗೆ ಕರೆಂಟ್ ಬರುವ ಸ್ವಿಚ್ ಆರಿಸಿ. ಎರಡು ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬು, ಟಿವಿ ಹಾಕಿ ಗಡಿಯಾರ ನೋಡಿ. ಇದೆಲ್ಲ ಸೇರಿ ಸುಮಾರು 250 ವ್ಯಾಟ್. ಇನ್ವರ್ಟರ್ ತಿನ್ನುವುದೂ ಸೇರಿದರೆ ಬ್ಯಾಟರಿಯಿಂದ 25 ಆಂಪ್ಸ್ ಹೋಗುತ್ತದೆ. ಎಎಚ್ ಅಂದರೆ ಆಂಪ್ಸ್ ಗುಣಿಸು ಗಂಟೆ, ಹಾಗಾಗಿ 150ನ್ನು 25ರಿಂದ ಭಾಗಿಸಿದರೆ ಆರು ಗಂಟೆ ಬರಬೇಕಲ್ವಾ ಅಂತ ಕೇಳಬೇಡಿ. ಮನೆ ಇನ್ವರ್ಟರ್ ಬ್ಯಾಟರಿಯ 150 ಎಎಚ್ ಅನ್ನುವ ಲೆಕ್ಕ ಸಾಮಾನ್ಯವಾಗಿ ಏಳೂವರೆ ಆಂಪ್ಸ್‌ನಂತೆ 20 ಗಂಟೆ ನಿಧಾನಕ್ಕೆ ಎಳೆದಾಗಿನದು. ಜೋರಾಗಿ ಎಳೆದರೆ ಅಷ್ಟು ಸಿಗಲ್ಲ. ಹೊಸದರಲ್ಲಿ ನಾಲ್ಕು ಗಂಟೆ ಬರುತ್ತಿತ್ತು ಅಂದಿರಲ್ಲ, ಅದು ಸರಿಯಾದ ಲೆಕ್ಕವೇ. ಈಗ ಬಂದ ನಿಮಿಷಗಳನ್ನು ಗೋಡೆ ಕ್ಯಾಲೆಂಡರ್‌ನಲ್ಲೇ ಬರೆದಿಡಿ. ದೊಡ್ಡ ಕಡೆ, ಅಂದರೆ ಆಸ್ಪತ್ರೆ, ಟೆಲಿಫೋನ್ ಎಕ್ಸ್‌ಚೇಂಜ್ ಥರದ ಕಡೆ, ಬ್ಯಾಟರಿ ತನ್ನ ಶಕ್ತಿಯ 80 ಪರ್ಸೆಂಟ್‌ಗೆ ಇಳಿದರೆ ಬದಲಾಯಿಸುವುದು ವಾಡಿಕೆ. ಮನೆಯಲ್ಲಿ ಅಷ್ಟು ಶಿಸ್ತು ಬೇಡ, ಅರ್ಧಕ್ಕೆ ಬಂದಾಗ ದುಡ್ಡು ಕೂಡಿಡಲು ಶುರುಮಾಡಿ, ಅಷ್ಟು ಸಾಕು.

ಅದಕ್ಕೂ ಮುಂಚೆ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದೆಯಾ ನೋಡಿ. ಅದೊಂದರಿಂದಲೇ ಬ್ಯಾಕಪ್ ಅರ್ಧಕ್ಕಿಳಿದ ಮನೆಗಳನ್ನು ನೋಡಿದ್ದೇನೆ. ಇನ್ವರ್ಟರ್ ಆರಿಸಿ, ಕೈಬಳೆ ಉಂಗುರ ತೆಗೆದಿಟ್ಟು, ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಸೆಲ್ ಒಳಗೆ ಒಂದು ಹನಿ ಸೋಡಾ ನೀರೂ ಹೋಗಬಾರದು. ಒರೆಸಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

ನಮ್ಮ ಊರಲ್ಲಿ ಬೋರ್‌ವೆಲ್ ನೀರು ತುಂಬಾ ಗಡಸು. ಅದಕ್ಕೇ ನಾವು ಬ್ಯಾಟರಿಗೆ ಐದು ರೂಪಾಯಿ ಕಾಯಿನ್ ಹಾಕಿ ತರುವ ಫಿಲ್ಟರ್ ನೀರನ್ನೇ ಹಾಕುತ್ತೇವೆ. ಕುಡಿಯುವ ನೀರು ಅಲ್ವಾ, ಶುದ್ಧವೇ ತಾನೇ?
– ಓದುಗರು, ಗೌರಿಬಿದನೂರು

ನಿಮಗೆ ಶುದ್ಧ, ಬ್ಯಾಟರಿಗೆ ಅಲ್ಲ. ಫಿಲ್ಟರ್ ನೀರಿನಲ್ಲೂ ಲವಣ ಉಳಿದಿರುತ್ತದೆ, ರುಚಿ ಬರುವುದೇ ಅದರಿಂದ. ಬ್ಯಾಟರಿಯಿಂದ ಆವಿಯಾಗಿ ಹೋಗುವುದು ಬರೀ ನೀರು, ಲವಣ ಒಳಗೇ ಉಳಿಯುತ್ತದೆ. ವರ್ಷವರ್ಷ ಹಾಕಿದರೆ ಸೇರುತ್ತಾ ಹೋಗುತ್ತದೆ. ಕ್ಲೋರೈಡ್, ಕಬ್ಬಿಣ ಇವು ಬ್ಯಾಟರಿಯೊಳಗಿನ ಸೀಸದ ಪ್ಲೇಟಿಗೆ ವಿಷ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನ ಗುಣ ಏನು ಅಂತ ಅಲ್ಲಿನವರ ಹಲ್ಲಿನ ಫ್ಲೋರೈಡ್ ಕಲೆಯೇ ಹೇಳುತ್ತದೆ, ನಾನು ಬೇರೆ ಹೇಳಬೇಕಾ? ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದಿಡಿ. ಆಸಿಡ್ ಅಂತೂ ಯಾವತ್ತೂ ಹಾಕಬೇಡಿ, "ಸ್ವಲ್ಪ ಆಸಿಡ್ ಹೊಡೆದರೆ ಜೀವ ಬರುತ್ತೆ" ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ.

ಹಾಕುವ ಹೊತ್ತೂ ಮುಖ್ಯ. ಚಾರ್ಜ್ ಆಗುವಾಗ ಒಳಗಿನ ಮಟ್ಟ ಏರುತ್ತದೆ. ಖಾಲಿ ಬ್ಯಾಟರಿಗೆ ಕಂಠಮಟ್ಟ ತುಂಬಿಸಿದರೆ ಆಮೇಲೆ ಉಕ್ಕಿ, ನೆಲದ ಟೈಲ್ಸ್ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಚಾರ್ಜ್ ಆದ ಮೇಲೆ, ಬ್ಯಾಟರಿ ಮೇಲೆ ನೀರಿನ ಮಟ್ಟ ತೋರಿಸುವ ತೇಲುವ ಕಡ್ಡಿ (ಹೈಡ್ರೋಮೀಟರ್‌ನದ್ದಲ್ಲ) ಹಸಿರು ಗೆರೆಗೆ ಬರುವವರೆಗೆ ಹಾಕಿ. ಪ್ಲೇಟ್ ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ, ಉಳಿದದ್ದು ಚಾರ್ಜ್ ಆದ ಮೇಲೆ.

ಸ್ವಾಮಿ, ನಾನು ಹಳ್ಳಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಹಾಲು ಪರೀಕ್ಷೆ ಯಂತ್ರ, ಕಂಪ್ಯೂಟರ್ ಎರಡೂ ಒಂದು ಚಿಕ್ಕ ಯುಪಿಎಸ್ ಮೇಲಿವೆ. ಬ್ಯಾಟರಿಗೆ ಮೀಟರ್ ಹಿಡಿದರೆ 12.8 ತೋರಿಸುತ್ತದೆ. ಆದರೆ ಬೆಳಿಗ್ಗೆ ಆರು ಗಂಟೆಗೆ ಜನ ಕ್ಯಾನ್ ಹಿಡಿದು ನಿಂತಿರುವಾಗ ಕರೆಂಟ್ ಹೋದರೆ ಟಪ್ ಅಂತ ಎಲ್ಲ ಆಫ್. ಯುಪಿಎಸ್ಸೇ ಕೆಟ್ಟಿದೆ ಅಂತೀರಾ?
– ಮುಳಬಾಗಿಲು ತಾಲ್ಲೂಕು

ಯುಪಿಎಸ್ ಮೇಲೆ ತಪ್ಪು ಹೊರಿಸುವ ಮುಂಚೆ ಬ್ಯಾಟರಿ ನೋಡೋಣ. ಚಿಕ್ಕ ಯುಪಿಎಸ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಎಎಚ್‌ನ ಸೀಲ್ ಮಾಡಿದ ಬ್ಯಾಟರಿ. ಎರಡು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ, ಇಟ್ಟಿಗೆಗಿಂತ ಚಿಕ್ಕದು. ನೀರು ಹಾಕುವ ಹಾಗಿಲ್ಲ, ಹೈಡ್ರೋಮೀಟರ್ ಇಳಿಸುವ ಹಾಗಿಲ್ಲ. ಒಳಗಿನ ತೇವ ಒಣಗಿದ ಹಾಗೆ ಅದರ ಇಂಟರ್ನಲ್ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯದಂತೆ ಒಳಗೇ ಇರುವ ತಡೆ, ಏರುತ್ತದೆ. ಏನೂ ಕೆಲಸ ಇಲ್ಲದಾಗ 12.8 ತೋರಿಸಿಕೊಂಡು ಠೀವಿಯಿಂದ ಕೂತಿರುತ್ತದೆ, ಹದಿನೈದು ಇಪ್ಪತ್ತು ಆಂಪ್ಸ್ ಕೇಳಿದ ಗಳಿಗೆಯಲ್ಲಿ 9ಕ್ಕೆ ಬಿದ್ದುಬಿಡುತ್ತದೆ. ಮದುವೆ ಮನೆಯಲ್ಲಿ ಬಿಳಿ ಪಂಚೆ ಉಟ್ಟು ಓಡಾಡಿ, ಬಡಿಸೋಕೆ ಕರೆದರೆ ಮಾಯವಾಗುವ ನೆಂಟರಿರುತ್ತಾರಲ್ಲ, ಹಾಗೆ.

ಪರೀಕ್ಷೆ ಹೀಗೆ ಮಾಡಿ. ಮಧ್ಯಾಹ್ನ, ಡೈರಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಯಂತ್ರ ಮತ್ತು ಕಂಪ್ಯೂಟರ್ ಬಿಚ್ಚಿ. ಯುಪಿಎಸ್‌ಗೆ ಒಂದು ಹಳೇ ಕಾಲದ 100 ವ್ಯಾಟ್ ಬುರುಡೆ ಬಲ್ಬು ಹಾಕಿ. ಆಮೇಲೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥ್ ಕೂಡ ತಪ್ಪುತ್ತದೆ. ಬಲ್ಬು ಎಷ್ಟು ನಿಮಿಷ ಉರಿಯಿತು? ಚೆನ್ನಾಗಿರುವ ಬ್ಯಾಟರಿ ಹತ್ತು ಹದಿನೈದು ನಿಮಿಷವಾದರೂ ನೂಕುತ್ತದೆ. ಅರ್ಧ ನಿಮಿಷಕ್ಕೆ ಆರಿದರೆ ಬದಲಾಯಿಸಿ. ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಅದೇ ಹೊತ್ತಿನಲ್ಲಿ ಬ್ಯಾಟರಿಗೆ ಮೀಟರ್ ಹಿಡಿಯಲಿ, 10.5 ತಲುಪಿದರೆ ಖಾಲಿ ಅಂತ ಲೆಕ್ಕ. ಎಷ್ಟು ಹೊತ್ತಿಗೆ ತಲುಪಿತು ಅನ್ನುವುದೇ ಅದರ ಆರೋಗ್ಯ. ಬಿಚ್ಚಿದಾಗ ಬ್ಯಾಟರಿ ಪಕ್ಕ ಊದಿಕೊಂಡಿದ್ದರೆ ಪರೀಕ್ಷೆಯೇ ಬೇಡ, ತಕ್ಷಣ ತೆಗೆಯಿರಿ.

ಈ ಜಾತಿಯ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ. ಹಾಕಿದ ತಾರೀಖನ್ನು ಯುಪಿಎಸ್ ಮೈಮೇಲೇ ಮಾರ್ಕರ್‌ನಿಂದ ಬರೆದುಬಿಡಿ. ಕಾರ್ಯದರ್ಶಿ ಬದಲಾದರೂ ತಾರೀಖು ಉಳಿಯುತ್ತದೆ.

ಅಂದ ಹಾಗೆ ನಿಮ್ಮ ಜಿಲ್ಲೆಗೆ ಒಂದು ಹೆಮ್ಮೆ ಇದೆ. ಶಿವನಸಮುದ್ರದ ಕರೆಂಟ್ 1902ರಲ್ಲಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಆಮೇಲೆ, 1905ರಲ್ಲಿ.

ಕರೆಂಟ್ ಇದ್ದರೂ ನಮ್ಮ ಇನ್ವರ್ಟರ್ ಆಗಾಗ ಬ್ಯಾಟರಿಗೆ ಹೋಗುತ್ತದೆ. ಅದರಲ್ಲೂ ತೋಟದ ಪಂಪ್‌ಸೆಟ್‌ಗಳೆಲ್ಲ ಓಡುವಾಗ. ಬ್ಯಾಟರಿ ಯಾವಾಗ ನೋಡಿದರೂ ಖಾಲಿ.
– ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಇನ್ವರ್ಟರ್ ಹಿಂದೆ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ ಅಂತ ಬರೆದಿರುತ್ತಾರೆ. ಯುಪಿಎಸ್ ಕಡೆ ಇದ್ದರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದ ತಕ್ಷಣ ಅದು "ಈ ಕರೆಂಟ್ ಸರಿಯಿಲ್ಲ" ಅಂತ ಬ್ಯಾಟರಿಗೆ ಹಾರುತ್ತದೆ. ಹುಳು ಮನೆಯಲ್ಲಿ ಬರೀ ಬಲ್ಬು ಫ್ಯಾನ್ ಇದ್ದರೆ ನಾರ್ಮಲ್‌ಗೆ ತಳ್ಳಿ. ಬ್ಯಾಟರಿಯನ್ನು ದಿನಗಟ್ಟಲೆ ಅರೆಹೊಟ್ಟೆಯಲ್ಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ತಗೊಳ್ಳಲ್ಲ. ಬೇಗ ಮಾಡಿ.

ಎರಡು ಬ್ಯಾಟರಿ ಇರುವ ಇನ್ವರ್ಟರ್. ಒಂದು ಕೆಟ್ಟಿದೆ. ಒಂದನ್ನೇ ಬದಲಾಯಿಸಿದರೆ ಸಾಕಾ?
– ಹೆಸರು ಬೇಡ, ಚಿಂತಾಮಣಿ

ಇದಕ್ಕೆ ಹೆಸರು ಯಾಕೆ ಬೇಡ ಅಂತ ಗೊತ್ತಾಗಲಿಲ್ಲ, ಇರಲಿ. ತಂದು ಆರು ತಿಂಗಳಾಗಿದ್ದರೆ ಒಂದು ಸಾಕು. ಮೂರು ವರ್ಷವಾಗಿದ್ದರೆ ಎರಡೂ ಬದಲಾಯಿಸಿ. ಮುದಿ ಎತ್ತಿನ ಜೊತೆ ಹೋರಿ ಕಟ್ಟಿ ಉಳುವ ಹಾಗಾಗುತ್ತದೆ ಇಲ್ಲದಿದ್ದರೆ. ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಹರಿಯುವ ಕರೆಂಟ್ ಒಂದೇ. ಹಳೆಯದು ಬೇಗ ಖಾಲಿಯಾಗುತ್ತದೆ, ಬೇಗ ತುಂಬುತ್ತದೆ, ತುಂಬಿದ ಮೇಲೂ ಚಾರ್ಜರ್ ಬಿಡುವುದಿಲ್ಲ, ಕುದಿಯುತ್ತದೆ. ಹೊಸದಕ್ಕೆ ಹೊಟ್ಟೆ ತುಂಬುವುದೇ ಇಲ್ಲ.

ಬ್ಯಾಟರಿಯನ್ನು ಮಹಡಿ ಮೇಲಿನ ಶೀಟ್ ರೂಮಿನಲ್ಲಿ ಇಟ್ಟಿದ್ದೇವೆ. ಎರಡೇ ವರ್ಷಕ್ಕೆ ಹೋಯಿತು. ಕಂಪನಿ ಬದಲಾಯಿಸಬೇಕಾ?
– ಓದುಗರು, ಪಾವಗಡ

ರೂಮ್ ಬದಲಾಯಿಸಿ. ಬ್ಯಾಟರಿಯ ಆಯುಸ್ಸಿನ ಲೆಕ್ಕವೆಲ್ಲ 25, 27 ಡಿಗ್ರಿ ಸೆಕೆಗೆ ಹಾಕಿರುವುದು. ಅಲ್ಲಿಂದ ಹತ್ತು ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧ. ಪಾವಗಡದ ಬಿಸಿಲಿಗೆ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟಿದ್ದಾರೆ, ಆ ಬಿಸಿಲನ್ನೇ ತಗಡಿನ ಕೆಳಗೆ ಬ್ಯಾಟರಿಗೆ ಉಣಿಸಿದರೆ ಅದು ತಾನೇ ಏನು ಮಾಡೀತು? ಕೆಳಗೆ ಮೆಟ್ಟಿಲ ಕೆಳಗಿನ ಜಾಗ, ಗಾಳಿ ಆಡುವ ಹಾಗಿದ್ದರೆ ಒಳ್ಳೆಯದು. ಬೀರುವಿನಲ್ಲಿಟ್ಟು ಬಾಗಿಲು ಹಾಕಬೇಡಿ.

ಆಯುಧಪೂಜೆಗೆ ಬ್ಯಾಟರಿಗೂ ಕುಂಕುಮ ಇಟ್ಟು ಮಂಗಳಾರತಿ ಎತ್ತುತ್ತೇವೆ. ನಮ್ಮ ಮಗ ಬೈಯುತ್ತಾನೆ. ತಪ್ಪಾ?
– ಅಜ್ಜಿಯೊಬ್ಬರು, ಕುಣಿಗಲ್

ಪೂಜೆ ತಪ್ಪಲ್ಲ ಅಜ್ಜಿ, ಕರ್ಪೂರ ತಪ್ಪು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ನಾಲ್ಕು ಪರ್ಸೆಂಟ್ ಸೇರಿದರೆ ಸಾಕು, ಕಿಡಿ ತಾಕಿ ಸಿಡಿಯುತ್ತದೆ. ಜೊತೆಗೆ ಆಸಿಡ್ ಮುಖಕ್ಕೆ ಹಾರುತ್ತದೆ. ಹೂವು, ಕುಂಕುಮ ಪಕ್ಕದ ಮೈಗೆ ಇಡಿ, ಮುಚ್ಚಳದ ತೂತಿನ ಮೇಲಲ್ಲ. ಆರತಿಯನ್ನು ಬಾಗಿಲ ಹತ್ತಿರ ನಿಂತು ಎತ್ತಿ. ಯಾವತ್ತಾದರೂ ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ ಅಂತ ಅರ್ಥ. ಇನ್ವರ್ಟರ್‌ಗೆ ಕರೆಂಟ್ ಬರುವ ಸ್ವಿಚ್ ಆರಿಸಿ, ಕಿಟಕಿ ತೆಗೆದು, ಮಗನನ್ನೇ ಕರೆಯಿರಿ.

ಹಳೇ ಬ್ಯಾಟರಿಗೆ ಅಂಗಡಿಯವರಿಗಿಂತ ಗಾಡಿಯಲ್ಲಿ ಬರುವ ಗುಜರಿಯವನು ಇನ್ನೂರು ಜಾಸ್ತಿ ಕೊಡುತ್ತಾನೆ. ಕೊಡಲಾ?
– ವ್ಯಾಪಾರಿ, ಬಂಗಾರಪೇಟೆ

ಬೇಡ. ಅವನು ಅದನ್ನು ಕೊಂಡೊಯ್ದು ಎಲ್ಲೋ ಒಡೆದು ಆಸಿಡ್ ಚರಂಡಿಗೆ ಸುರಿದು ಸೀಸ ಕರಗಿಸಿದರೆ, ಆ ಹೊಗೆ, ಧೂಳು ಸುತ್ತಮುತ್ತಲ ಮಕ್ಕಳ ಹೊಟ್ಟೆಗೆ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಸರಿಯಾಗಿ ಕರಗಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ, ಬಿಲ್ಲಿನಲ್ಲಿ ಬರೆಸಿ. ಆ ಇನ್ನೂರನ್ನೂ ಚೌಕಾಸಿ ಮಾಡಿ ಕೇಳಿ, ವ್ಯಾಪಾರಿಗೆ ನಾನು ಹೇಳಿಕೊಡಬೇಕಾ? ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಸ್ಕೂಟರ್ ಮುಂದೆ ಅಡ್ಡ ಮಲಗಿಸಿ ತರಬೇಡಿ.