ನಂಬುವುದು ಬೇರೆ, ನಡೆದುಕೊಳ್ಳುವುದು ಬೇರೆ

ನಮಸ್ಕಾರ.

ನಿಮ್ಮ ‘ಕೊನೆಯ ಭಕ್ತೆ’ ಕಾದಂಬರಿಯ ಹಸ್ತಪ್ರತಿ ಓದಿದೆ. ಒಮ್ಮೆ ಓದಿ ಪಕ್ಕಕ್ಕಿಟ್ಟು, ವಾರದ ನಂತರ ಮತ್ತೆ ಓದಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಈಗಿರುವ ರೂಪದಲ್ಲಿ ಇದನ್ನು ನಾವು ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಮೂರನೇ ಅಧ್ಯಾಯದಲ್ಲಿ ಒಂದೂವರೆ ಪುಟ ಇದೆ. ಅದನ್ನು ಬರೆದ ಕೈ ಇಡೀ ಕಾದಂಬರಿಯನ್ನೂ ಹಾಗೇ ಬರೆಯಬಲ್ಲದು ಅಂತ ನನಗೆ ಪೂರ್ತಿ ಭರವಸೆಯಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಕತೆಯನ್ನು ಸರಿಯಾಗಿ ಹಿಡಿದಿದ್ದೇನಾ ನೋಡಿ. ಜಪಾನಿನ ಶಿಕೊಕು ದ್ವೀಪದಲ್ಲಿ ಒಂದು ಬೆಟ್ಟದೂರು. ಹೊಳೆ ಪಕ್ಕದಲ್ಲಿ ಸಣ್ಣ ಗುಡಿ, ಅಲ್ಲಿ ಸವಾ ಎಂಬ ಹೊಳೆದೇವರು. ಊರಿನವರು ಒಬ್ಬೊಬ್ಬರೇ ಪಟ್ಟಣ ಸೇರುತ್ತಾರೆ. ಭಕ್ತರು ಕಡಿಮೆಯಾದ ಹಾಗೆ ಸವಾನ ಮೈ ಗಾಜಿನಂತೆ ತೆಳ್ಳಗಾಗುತ್ತಾ ಹೋಗುತ್ತದೆ. ಪಟ್ಟಣದ ದೊಡ್ಡ ದೇವರೊಬ್ಬ ಲಕ್ಷ ಜನರ ನಂಬಿಕೆ ಕುಡಿದು ಕೊಬ್ಬಿದ್ದಾನೆ. ಅವನು ಸವಾನನ್ನು ನುಂಗಲು ಬರುತ್ತಾನೆ. ಕೊನೆಗೆ ಹನ್ನೆರಡು ವರ್ಷದ ಹರು ಎಂಬ ಹುಡುಗಿ “ನಾನು ನಿನ್ನನ್ನು ನಂಬುತ್ತೇನೆ” ಎಂದು ಕೂಗುತ್ತಾಳೆ, ಬೆಳಕು ಉಕ್ಕುತ್ತದೆ, ಸವಾ ಗೆಲ್ಲುತ್ತಾನೆ.

ಜನ ನಂಬಿದರೆ ದೇವರು ಇರುತ್ತಾನೆ, ಮರೆತರೆ ಸಾಯುತ್ತಾನೆ. ಇಂಗ್ಲಿಷ್ ಫ್ಯಾಂಟಸಿಯಲ್ಲಿ, ಅನಿಮೆಯಲ್ಲಿ, ಗೇಮ್‌ಗಳಲ್ಲಿ ಈ ಕಲ್ಪನೆ ಬೇಕಾದಷ್ಟು ಬಂದುಹೋಗಿದೆ. ಹಳೆಯದು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಹಳೇ ಕಲ್ಪನೆಯಿಂದ ಒಳ್ಳೇ ಕತೆ ಹುಟ್ಟಿದ್ದು ಎಷ್ಟೋ ಸಲ ನೋಡಿದ್ದೇನೆ. ನನ್ನ ತಕರಾರು ಬೇರೆ. ನಿಮ್ಮ ಕತೆಯಲ್ಲಿ ನಂಬಿಕೆ ಅನ್ನುವುದು ಮೊಬೈಲ್ ಚಾರ್ಜ್ ಇದ್ದ ಹಾಗಿದೆ. ಐದನೇ ಅಧ್ಯಾಯದಲ್ಲಂತೂ ಯಾವ ದೇವರಿಗೆ ಎಷ್ಟು ಭಕ್ತರು, ಎಷ್ಟು ಶಕ್ತಿ ಅಂತ ಲೆಕ್ಕವನ್ನೇ ಕೊಟ್ಟಿದ್ದೀರಿ. ಲೆಕ್ಕ ಗೊತ್ತಾದ ಮೇಲೆ ಓದುಗರಿಗೆ ಭಯವೂ ಇಲ್ಲ, ಮರುಕವೂ ಇಲ್ಲ. ಚಾರ್ಜ್ ಮುಗಿಯುತ್ತಿದೆ, ಯಾರೋ ಬಂದು ಪ್ಲಗ್ ಹಾಕುತ್ತಾರೆ ಅಂತ ಗೊತ್ತಾಗಿಬಿಡುತ್ತದೆ. ಅಷ್ಟೇ ಅಲ್ಲ, ಜಪಾನಿನ ದೇವರುಗಳು ಹಾಗಿಲ್ಲ.

ಈ ಕಲ್ಪನೆಗೆ ಜಪಾನಿನಲ್ಲಿ ಬೇರು ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಇದೆ, ಚೆನ್ನಾಗಿಯೇ ಇದೆ. 1232ರಲ್ಲಿ ಕಾಮಾಕುರಾದ ಸಮುರಾಯ್ ಆಡಳಿತ 51 ಕಲಮುಗಳ ಒಂದು ಕಾನೂನು ಮಾಡಿತು. ಅದರ ಮೊದಲ ಕಲಮೇ ದೇವರ ಗುಡಿಗಳ ಬಗ್ಗೆ. ಮನುಷ್ಯರ ಗೌರವದಿಂದ ದೇವರ ಪ್ರಭಾವ ಹೆಚ್ಚುತ್ತದೆ, ದೇವರ ದಯೆಯಿಂದ ಮನುಷ್ಯರ ಅದೃಷ್ಟ ಕೂಡಿಬರುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ನಿಮ್ಮ ಕಾದಂಬರಿಯ ಬೀಜ ಇದೇ ಅಲ್ವಾ? ಆದರೆ ಅದೇ ಕಲಮು ಇನ್ನೇನು ಹೇಳುತ್ತದೆ ನೋಡಿ. ಗುಡಿ ಸ್ವಲ್ಪ ಹಾಳಾದಾಗಲೇ ರಿಪೇರಿ ಮಾಡಿ. ತುಂಬಾ ಹಾಳಾಗಿದ್ದರೆ ಮೇಲಿನವರಿಗೆ ತಿಳಿಸಿ. ಹಬ್ಬ ತಪ್ಪಿಸಬೇಡಿ. ಮನಸ್ಸಿನೊಳಗೆ ನಂಬಿ ಅಂತ ಯಾರಿಗೂ ಹೇಳಿಲ್ಲ. ಗೌರವ ಅಂದರೆ ಸೋರುವ ಸೂರನ್ನು ಹತ್ತಿ ಸರಿಮಾಡುವುದು.

ನಮ್ಮ ಭಾಷೆಯಲ್ಲಿ ಇದಕ್ಕೆ ಎಂಥ ಒಳ್ಳೇ ಮಾತಿದೆ! “ಅವರು ಆ ದೇವರಿಗೆ ನಡೆದುಕೊಳ್ಳುತ್ತಾರೆ” ಅನ್ನುತ್ತೇವೆ. ನಂಬುತ್ತಾರಾ ಇಲ್ವಾ ಅಂತ ಯಾರೂ ಕೇಳುವುದಿಲ್ಲ. ವರ್ಷಕ್ಕೊಮ್ಮೆ ಹೋಗುತ್ತಾರೆ, ಹರಕೆ ಸಲ್ಲಿಸುತ್ತಾರೆ, ತಪ್ಪಿಸುವುದಿಲ್ಲ. ಜಪಾನಿನಲ್ಲೂ ಹಾಗೇ. ನಮಗೆ ಯಾವ ಧರ್ಮವೂ ಇಲ್ಲ ಅನ್ನುವವರೇ ಹೊಸ ವರ್ಷದ ಮೊದಲ ದಿನಗಳಲ್ಲಿ ಗುಡಿಯ ಮುಂದೆ ಸಾಲು ನಿಲ್ಲುತ್ತಾರೆ. ಹುಂಡಿಗೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ‘ನಂಬಿಕೆ’ ಅನ್ನುವ ಪದವನ್ನು ನಿಮ್ಮ ಹಸ್ತಪ್ರತಿಯಲ್ಲಿ ಎಷ್ಟು ಕಡೆ ಬಳಸಿದ್ದೀರಿ ಅಂತ ಒಮ್ಮೆ ಹುಡುಕಿ. ಪ್ರತಿ ಸಲವೂ ಅಲ್ಲಿ ‘ನಡೆದುಕೊಳ್ಳುವುದು’ ಎಂದು ಓದಿಕೊಳ್ಳಿ. ಕತೆ ತಾನಾಗಿ ಬೇರೆ ದಾರಿ ಹಿಡಿಯುತ್ತದೆ.

ಈಗ ಆ ಮೂರನೇ ಅಧ್ಯಾಯ. ಹರುವಿನ ಅಜ್ಜಿ ಬೆಳಗಾಗುವ ಮೊದಲೇ ಎದ್ದು ಗುಡಿಗೆ ಹೋಗುತ್ತಾಳೆ. ಅಕ್ಕಿ, ಉಪ್ಪು, ನೀರು ಇಡುತ್ತಾಳೆ. ನಿನ್ನೆಯ ನೀರನ್ನು ಬಟ್ಟಲಿನಿಂದ ಗಿಡದ ಬುಡಕ್ಕೆ ಚೆಲ್ಲಿ, ಸೆರಗಿನಲ್ಲಿ ಒರೆಸಿ, ಹೊಸ ನೀರು ತುಂಬುತ್ತಾಳೆ. ಸವಾ ನಿಜವಾಗಲೂ ಇದ್ದಾನಾ ಅಂತ ಹರು ಕೇಳಿದಾಗ ಅಜ್ಜಿ ಹೇಳುವುದು ಒಂದೇ ಮಾತು: “ಅದು ನನಗೇನು ಗೊತ್ತು. ನೀರು ಹಳೇದಾಗುತ್ತಲ್ಲ.”

ಇದು ಕತೆ. ನಾನು ಓದುತ್ತಾ ಅಲ್ಲೇ ನಿಂತುಬಿಟ್ಟೆ. (ಸೆರಗು ಬೇಡ, ಜಪಾನಿ ಅಜ್ಜಿಗೆ ಸೆರಗಿಲ್ಲ. ಹೆಗಲ ಮೇಲಿನ ಪುಟ್ಟ ಟವೆಲ್ ಇರಲಿ.) ಇಡೀ ಪುಸ್ತಕದಲ್ಲಿ ದೇವರನ್ನು ಉಳಿಸಿದವಳು ಅವಳೊಬ್ಬಳೇ, ಅವಳಿಗೆ ನಂಬಿಕೆಯ ಯೋಚನೆಯೇ ಇಲ್ಲ. ನೀವೇ ಬರೆದದ್ದು ನಿಮ್ಮದೇ ಕ್ಲೈಮ್ಯಾಕ್ಸನ್ನು ಸುಳ್ಳು ಮಾಡುತ್ತಿದೆ. ಅಂಥ ಅಜ್ಜಿಯ ಮೊಮ್ಮಗಳು ಕೊನೆಯಲ್ಲಿ “ನಾನು ನಿನ್ನನ್ನು ನಂಬುತ್ತೇನೆ” ಅಂತ ಕಿರುಚುವುದು ಡಬ್ಬಿಂಗ್ ಸಿನಿಮಾದ ಮಾತಿನಂತೆ ಕೇಳುತ್ತದೆ.

ಇನ್ನೊಂದು ವಿಷಯ. ಬಿಟ್ಟುಹೋದ ದೇವರು ತೆಳ್ಳಗಾಗಿ ಮಾಯವಾಗುತ್ತಾನೆ ಎಂದು ಏಕೆ ಅಂದುಕೊಂಡಿರಿ? ನಮ್ಮ ಕರಾವಳಿಯಲ್ಲಿ ದೈವಕ್ಕೆ ಕೊಡಬೇಕಾದ್ದು ತಪ್ಪಿದರೆ ದೈವ ಸಣ್ಣದಾಗುತ್ತದೆ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಉಪದ್ರ ಶುರುವಾಯಿತು ಅನ್ನುತ್ತಾರೆ. ಜಪಾನಿನಲ್ಲಿ ಆ ಉಪದ್ರಕ್ಕೆ ‘ತತಾರಿ’ ಎಂಬ ಹೆಸರೇ ಇದೆ. ಜಾನಪದ ಪಂಡಿತ ಯಾನಾಗಿತಾ ಕುನಿಯೊ ಅವರ ವಾದವೊಂದಿದೆ: ಜನ ಕೈಬಿಟ್ಟ ಹಳೇ ದೇವರುಗಳೇ ಕೆಳಗಿಳಿದು ಯೋಕಾಯ್‌ಗಳಾದವು, ಅಂದರೆ ಭೂತ ಪಿಶಾಚಿಗಳಂಥವು. ಅವರ ನಂತರ ಬಂದ ಕೊಮಾತ್ಸು ಕಜುಹಿಕೊ ಇದನ್ನು ಒಪ್ಪಲಿಲ್ಲ. ಅದು ಒಂದೇ ಕಡೆಗೆ ಇಳಿಯುವ ದಾರಿಯಲ್ಲ, ಪೂಜೆ ಸಿಕ್ಕಿದ್ದು ದೇವರು, ಸಿಗದೇ ಉಳಿದದ್ದು ಯೋಕಾಯ್, ಇತ್ತಿಂದತ್ತ ಅತ್ತಿಂದಿತ್ತ ಎರಡೂ ಕಡೆ ಹೋಗಬಹುದು ಎಂದರು. ಇಬ್ಬರಲ್ಲಿ ಯಾರು ಸರಿ ಅನ್ನುವುದು ನಮಗೆ ಮುಖ್ಯವಲ್ಲ. ಕತೆಗಾರರಾಗಿ ನಿಮಗೆ ಇದು ಸಿಕ್ಕ ನಿಧಿ. ಸವಾ ಸಾಯುತ್ತಿಲ್ಲ, ಬದಲಾಗುತ್ತಿದ್ದಾನೆ. ಹುಡುಗಿಗೆ ಅವನನ್ನು ಕಳೆದುಕೊಳ್ಳುವ ದುಃಖ ಒಂದೇ ಅಲ್ಲ, ಅವನು ಏನಾಗಿಬಿಡುತ್ತಾನೋ ಅನ್ನುವ ಭಯವೂ ಇರಬೇಕು. ಹೊಳೆದೇವರು ಸಿಟ್ಟಾದರೆ ಹೊಳೆಗೆ ಏನಾಗುತ್ತದೆ? ಕೆಳಗಿನ ಊರಿಗೆ ಏನಾಗುತ್ತದೆ? ನಿಮ್ಮ ಹಸ್ತಪ್ರತಿಯಲ್ಲಿ ಒಂದೇ ಒಂದು ಮಳೆಗಾಲವೂ ಬರುವುದಿಲ್ಲ.

ಸುಗಾವಾರಾ ನೋ ಮಿಚಿಜಾನೆಯ ಕತೆಯನ್ನು ದಯವಿಟ್ಟು ಓದಿಕೊಳ್ಳಿ. ದೊಡ್ಡ ಕವಿ, ವಿದ್ವಾಂಸ, ಮಂತ್ರಿ. ವಿರೋಧಿಗಳ ಚಾಡಿ ಮಾತಿನಿಂದ 901ರಲ್ಲಿ ದೂರದ ದಾಜೈಫುಗೆ ಗಡೀಪಾರಾದ, 903ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ಅವನ ವಿರೋಧಿಗಳು, ರಾಜಮನೆತನದವರು ಒಬ್ಬೊಬ್ಬರಾಗಿ ಸತ್ತರು. 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಇದು ಮಿಚಿಜಾನೆಯ ಸಿಟ್ಟೇ ಅಂತ ಎಲ್ಲರೂ ನಡುಗಿದರು. 947ರಲ್ಲಿ ಕ್ಯೋತೋದಲ್ಲಿ ಕಿತಾನೊ ಗುಡಿ ಎದ್ದಿತು. ಇವತ್ತು ಅವನು ವಿದ್ಯೆಯ ದೇವರು. ಪರೀಕ್ಷೆ ಹತ್ತಿರ ಬಂದರೆ ಮಕ್ಕಳು ಮರದ ಹಲಗೆಯ ಮೇಲೆ ಬೇಡಿಕೆ ಬರೆದು ಅವನ ಗುಡಿಯಲ್ಲಿ ಕಟ್ಟುತ್ತಾರೆ. ಜನ ನಂಬಿದ್ದರಿಂದ ಅವನಿಗೆ ಶಕ್ತಿ ಬಂತು ಅಂತ ಹೇಳಲು ಬರುವುದಿಲ್ಲ. ಆ ಕತೆಯಲ್ಲಿ ಮೊದಲು ಬಂದದ್ದು ಸಿಡಿಲು, ಪೂಜೆ ಆಮೇಲೆ. ಸಾವಿರ ವರ್ಷದಲ್ಲಿ ಅವನ ಕೆಲಸ ಬದಲಾಯಿತು, ಅವನು ಹೋಗಲಿಲ್ಲ. ಹೊಳೆಯೇ ಬತ್ತಿದ ಊರಿನಲ್ಲಿ ಹೊಳೆದೇವರಿಗೆ ಏನು ಕೆಲಸ? ಈ ಪ್ರಶ್ನೆ ನಿಮ್ಮ ಕತೆಗೆ ಬೇಕಿತ್ತು.

ಪಟ್ಟಣದ ಕೊಬ್ಬಿದ ದೇವರನ್ನು ಪೂರ್ತಿ ತೆಗೆದುಹಾಕಿ ಅಂತ ನನ್ನ ಸಲಹೆ. ದೇವರು ದೇವರನ್ನು ನುಂಗುವ ಯುದ್ಧಕ್ಕಿಂತ ದೊಡ್ಡ ಕಷ್ಟ ಜಪಾನಿನ ಚರಿತ್ರೆಯಲ್ಲೇ ನಡೆದಿದೆ. 1906ರಲ್ಲಿ ಸರ್ಕಾರ ಗುಡಿಗಳನ್ನು ಒಟ್ಟುಗೂಡಿಸಲು ಆದೇಶ ಹೊರಡಿಸಿತು. ಹಳ್ಳಿಗಳ ಚಿಕ್ಕ ಚಿಕ್ಕ ಗುಡಿಗಳನ್ನು ಮುಚ್ಚಿ ಅಲ್ಲಿನ ದೇವರನ್ನು ದೊಡ್ಡ ಗುಡಿಗೆ ಸಾಗಿಸುವುದು. ಹತ್ತು ವರ್ಷ ತುಂಬುವ ಮೊದಲೇ ಸುಮಾರು 70,000 ಗುಡಿಗಳು ಇಲ್ಲವಾದವು. ಮಿಯೆ ಮತ್ತು ವಾಕಾಯಾಮಾ ಪ್ರಾಂತ್ಯಗಳಿಗೆ ಜಾಸ್ತಿ ಪೆಟ್ಟು ಬಿತ್ತು. ಗುಡಿ ಹೋದ ಮೇಲೆ ಅದರ ಸುತ್ತಲಿನ ದೇವರ ಕಾಡನ್ನೂ ಕಡಿದು ಮಾರಿದರು. ಮಿನಾಕಾತಾ ಕುಮಾಗುಸು ಎಂಬ ಜೀವವಿಜ್ಞಾನಿ ಇದರ ವಿರುದ್ಧ ವರ್ಷಗಟ್ಟಲೆ ಬರೆದರು, ಹೋರಾಡಿದರು. 1910ರಲ್ಲಿ ಒಂದು ಸಭೆಗೆ ನುಗ್ಗಿ ಜೈಲಿಗೂ ಹೋದರು. ಕಾಡಿನ ಮರ, ಪಾಚಿ, ಹುಳು, ಊರಿನವರ ಒಗ್ಗಟ್ಟು, ದೇವರು, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ ಅನ್ನುವುದು ಅವರ ಮಾತಿನ ಸಾರ.

ಯೋಚಿಸಿ ನೋಡಿ. ತನ್ನ ಊರು, ತನ್ನ ಹೊಳೆ, ತನ್ನ ಮರ ಬಿಟ್ಟು ಇನ್ನೊಬ್ಬ ದೇವರ ಮನೆಯಲ್ಲಿ ಬಾಡಿಗೆಗೆ ಇರುವ ದೇವರು. ಪೂಜೆ ಸಿಗುತ್ತಿದೆ, ಹೆಸರು ಫಲಕದಲ್ಲಿದೆ, ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಕಿವಿಗೆ ಹೊಳೆಯ ಸದ್ದು ಬೀಳುವುದಿಲ್ಲ. ನಂಬಿಕೆಯ ಲೆಕ್ಕದಲ್ಲಿ ಅವನು ಚೆನ್ನಾಗಿಯೇ ಇದ್ದಾನೆ ಅಲ್ವಾ? ಆದರೂ ಅವನ ಕತೆ ಓದಿದರೆ ಎದೆ ಭಾರವಾಗುತ್ತದೆ.

ಈ ಕಾಲದಲ್ಲೇ ಕತೆ ಇರಲಿ ಅಂದರೂ ಸರಿ. ಜಪಾನಿನಲ್ಲಿ ಇವತ್ತು ಸುಮಾರು 80,000 ಗುಡಿಗಳಿವೆ, ಪೂಜಾರಿಗಳು ಸುಮಾರು 20,000. ಒಬ್ಬೊಬ್ಬರು ಹತ್ತಾರು ಗುಡಿ ನೋಡಿಕೊಳ್ಳುವುದುಂಟು. ಹಬ್ಬದ ದಿನ ದೇವರ ಪಲ್ಲಕ್ಕಿ ಹೊರಲು ಹೆಗಲುಗಳಿಲ್ಲದೆ ಅದನ್ನು ಪುಟ್ಟ ಟ್ರಕ್ಕಿನ ಮೇಲಿಟ್ಟು ಊರು ಸುತ್ತಿಸುತ್ತಾರೆ. ನಿಮ್ಮ ಕತೆಯ ಊರು ಖಾಲಿಯಾಗುತ್ತಿದೆ ಅನ್ನುತ್ತೀರಿ. ಖಾಲಿಯಾಗುವುದು ಹೇಗೆ ಕಾಣುತ್ತದೆ ಅಂತ ಒಂದು ಕಡೆಯೂ ತೋರಿಸಿಲ್ಲ. “ಸವಾನ ಅಸ್ತಿತ್ವ ಕ್ಷೀಣಿಸತೊಡಗಿತು” ಎಂದು ಬರೆದಿದ್ದೀರಿ. ಆ ವಾಕ್ಯ ತೆಗೆಯಿರಿ. ಅದರ ಜಾಗದಲ್ಲಿ ಹಗ್ಗ ತೋರಿಸಿ.

ಗುಡಿಯ ಮುಂದೆ ಕಟ್ಟುವ ಹುಲ್ಲಿನ ಹಗ್ಗ, ಶಿಮೆನಾವಾ. ನೀವು ಅದನ್ನು ಒಂದು ಸಲ ಹೆಸರಿಸಿ ಮುಂದೆ ಹೋಗಿದ್ದೀರಿ. ಅದನ್ನು ಭತ್ತದ ಹುಲ್ಲಿನಿಂದ ಹೊಸೆಯುತ್ತಾರೆ. ಮಾಮೂಲಿ ಹಗ್ಗಕ್ಕೆ ತಿರುಚುವುದರ ಉಲ್ಟಾ, ಎಡಕ್ಕೆ ತಿರುಚಬೇಕು. ಸಾಮಾನ್ಯವಾಗಿ ವರ್ಷದ ಕೊನೆಗೆ ಹಳೆಯದನ್ನು ಬಿಚ್ಚಿ ಹೊಸದು ಕಟ್ಟುತ್ತಾರೆ. ಈಗ ಕಷ್ಟ ಏನೆಂದರೆ, ಕಂಬೈನ್ ಹಾರ್ವೆಸ್ಟರ್ ಗದ್ದೆಯಲ್ಲೇ ಹುಲ್ಲನ್ನು ಕತ್ತರಿಸಿ ಚೆಲ್ಲಿಬಿಡುತ್ತದೆ. ಹೊಸೆಯಲು ಉದ್ದದ ಹುಲ್ಲೇ ಸಿಗುವುದಿಲ್ಲ. ನಮ್ಮ ಭತ್ತದ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಕಣ್ಣಾರೆ ನೋಡಿದ್ದಾರೆ. ಹರು ಒಂದು ಹಿಡಿ ಉದ್ದದ ಹುಲ್ಲಿಗಾಗಿ ಮೂರು ಊರು ಅಲೆಯಲಿ. ಕುಡುಗೋಲಿನಲ್ಲಿ ಕೊಯ್ಯುವ ಒಬ್ಬ ಮುದುಕ ಸಿಗಲಿ. ಅಂಗೈಯಲ್ಲಿ ಎಡಕ್ಕೆ ತಿರುಚಲು ಹೋಗಿ ನಾಲ್ಕು ಸಲ ಬಿಚ್ಚಿಕೊಳ್ಳಲಿ, ಚರ್ಮ ಸುಲಿಯಲಿ. ಯುದ್ಧ ಇಲ್ಲದೆಯೇ ನಿಮ್ಮ ಕೊನೆಯ ಐವತ್ತು ಪುಟ ಉಸಿರು ಬಿಗಿಹಿಡಿದು ಓದಿಸಿಕೊಳ್ಳುತ್ತದೆ.

ಬೆಳಕು ಬೇಕೇ ಬೇಕು ಅಂದರೆ ಅಲ್ಲಿನ ತುಂಬಾ ಹಳೇ ಕತೆಯನ್ನೇ ನೋಡಿ. 712ರ ‘ಕೊಜಿಕಿ’ಯಲ್ಲಿ ಸೂರ್ಯದೇವಿ ಅಮಾತೆರಾಸು ಗುಹೆಯೊಳಗೆ ಸೇರಿಕೊಂಡು ಜಗತ್ತು ಕತ್ತಲಾದಾಗ ಯಾರೂ “ನಿನ್ನನ್ನು ನಂಬುತ್ತೇವೆ” ಅನ್ನಲಿಲ್ಲ. ಒಬ್ಬ ದೇವತೆ ಬೋರಲು ಹಾಕಿದ ತೊಟ್ಟಿಯ ಮೇಲೆ ಧಡಧಡ ಕುಣಿದಳು, ಉಳಿದವರು ಹೊಟ್ಟೆ ಹಿಡಿದು ನಕ್ಕರು. ಹೊರಗೆ ಅಷ್ಟೊಂದು ನಗು ಯಾಕೆ ಅಂತ ಅಮಾತೆರಾಸು ಬಾಗಿಲು ಸರಿಸಿ ಇಣುಕಿದಳು. ನಿಮ್ಮ ಹಸ್ತಪ್ರತಿಯಲ್ಲಿ ಯಾರೂ ನಗುವುದಿಲ್ಲ. ಊರು ಖಾಲಿಯಾದ ಮೇಲೆ ಸವಾನಿಗೆ ನಿಜವಾಗಿ ಇಲ್ಲವಾದದ್ದು ಅದೇ ಇರಬಹುದು.

ಸಣ್ಣ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಆರನೇ ಅಧ್ಯಾಯದಲ್ಲಿ ಸವಾನ ಪೂಜಾರಿ ತಲೆ ಬೋಳಿಸಿಕೊಂಡು, ಊದುಬತ್ತಿ ಹಚ್ಚಿ, ಸೂತ್ರ ಪಠಿಸುತ್ತಾನೆ. ಅದು ಬೌದ್ಧ ಭಿಕ್ಷುವಿನ ಚಿತ್ರ, ಶಿಂತೋ (ಅಂದರೆ ಜಪಾನಿನ ಮೂಲ ದೇವರುಗಳ ಧರ್ಮ) ಗುಡಿಯದಲ್ಲ. ಎರಡನ್ನೂ ಬೇರೆ ಮಾಡಿ ಅಂತ ಸರ್ಕಾರ ಆದೇಶ ಕೊಟ್ಟದ್ದು 1868ರಲ್ಲಿ, ಅದಕ್ಕೂ ಹಿಂದಿನ ಕತೆಯಾಗಿದ್ದರೆ ನಡೆಯುತ್ತಿತ್ತು. ಭತ್ತದ ದೇವರು ಇನಾರಿ ನರಿ ಅಲ್ಲ, ನರಿ ಅವನ ದೂತ. ಹೆಸರಿನ ಹಿಂದೆ ಗೌರವಕ್ಕೆ ಹಚ್ಚುವ ‘ಸಾನ್’, ‘ಸಾಮಾ’ ಮಾತುಮಾತಿಗೆ ಬೇಡ. ಕನ್ನಡದಲ್ಲಿ ನೀನು, ನೀವು ಇವೆರಡೇ ಎಷ್ಟೊಂದು ಕೆಲಸ ಮಾಡುತ್ತವೆ. ಅಜ್ಜಿ ದೇವರನ್ನು ಏಕವಚನದಲ್ಲಿ ಬೈಯಲಿ, ನಮ್ಮ ಅಜ್ಜಿಯರು ಬೈಯುವುದಿಲ್ಲವೇ?

ಐದನೇ ಅಧ್ಯಾಯ ಪೂರ್ತಿ ಬಿಟ್ಟು, ಉಳಿದದ್ದನ್ನು ಮತ್ತೆ ಬರೆಯಿರಿ. ಇಡೀ ಪುಸ್ತಕ ಮುಗಿಯುವ ತನಕ ಕಾಯಬೇಡಿ. ಮೊದಲ ನಾಲ್ಕು ಅಧ್ಯಾಯ ಆದ ಕೂಡಲೇ ಕಳಿಸಿ, ನಾನೇ ಓದುತ್ತೇನೆ. ಮೂರನೆಯದರಲ್ಲಿ ಆ ಸೆರಗು ಬಿಟ್ಟು ಬೇರೇನೂ ಮುಟ್ಟಬೇಡಿ. ನಾಲ್ಕನೆಯದರಲ್ಲಿ ಅಜ್ಜಿ ತೀರಿಕೊಳ್ಳುತ್ತಾಳೆ, ನೀವು ನೇರ ಅಂತ್ಯಸಂಸ್ಕಾರಕ್ಕೆ ಹೋಗಿಬಿಟ್ಟಿದ್ದೀರಿ. ಅದಕ್ಕೂ ಮುಂಚೆ ಒಂದು ಬೆಳಿಗ್ಗೆ ಇರಬೇಕು. ಗುಡಿಯಲ್ಲಿ ನಿನ್ನೆಯ ನೀರು ಹಾಗೇ ಇರುತ್ತದೆ, ರಾತ್ರಿ ಬಿದ್ದ ಒಂದು ಎಲೆ ಅದರಲ್ಲಿ ತೇಲುತ್ತಿರುತ್ತದೆ. ಅದನ್ನು ಮೊದಲು ನೋಡುವುದು ಹರುವಾ, ಸವಾನಾ? ಅಲ್ಲಿಂದ ಬರೆಯಿರಿ.

ಪ್ರೀತಿಯಿಂದ,
ಸಂಪಾದಕ