ಟೈಪ್ 1 ಮಧುಮೇಹದ ಮಗ ಬಿಯರ್ ಕುಡಿದು ಬಂದಾಗ

ಪ್ರಶ್ನೆ: ಮಗನಿಗೆ 17 ವರ್ಷ, ಪ್ಲಸ್ ಟು ಓದುತ್ತಿದ್ದಾನೆ. 11ನೇ ವಯಸ್ಸಿನಿಂದ ಟೈಪ್ 1 ಮಧುಮೇಹ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಕಳೆದ ತಿಂಗಳು ನೇಮ (ಭೂತಕೋಲ) ನೋಡಲು ಹೋದವನು ಬೆಳಗಿನ ಜಾವ ಮನೆಗೆ ಬಂದಾಗ ಬಾಯಲ್ಲಿ ಬಿಯರ್ ವಾಸನೆ, ಜೇಬಿನಲ್ಲಿ ಸಿಗರೇಟು. ಅವನಪ್ಪ ಎರಡೇಟು ಹೊಡೆದು ಮೊಬೈಲ್ ಕಿತ್ತಿಟ್ಟರು. ಅಂದಿನಿಂದ ಮಾತೇ ಬಿಟ್ಟಿದ್ದಾನೆ. ಶುಗರ್ ಒಮ್ಮೆ 60, ಒಮ್ಮೆ 320. ಡಾಕ್ಟರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾದೀತೆಂಬ ಹೆದರಿಕೆ. ಏನು ಮಾಡಲಿ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಡಾಕ್ಟರಿಗೆ ಹೇಳಲೇಬೇಕು, ಆದರೆ ಹೇಳುವವನು ಅವನೇ ಆಗಲಿ. ಅದಕ್ಕೂ ಮುಂಚೆ, ಈ ವಿಷಯದಲ್ಲಿ ಜೀವಕ್ಕೆ ಅಪಾಯ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರಬೇಕು.

ಊಟ ಮಾಡದೆ ಇದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು. ಮದ್ಯ ಒಳಗೆ ಹೋದರೆ ಅದು ಹೊಸ ಸಕ್ಕರೆ ತಯಾರಿಸುವುದನ್ನು ತಡೆಯುತ್ತದೆ. ಇನ್ಸುಲಿನ್ ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ. ಹಾಗಾಗಿ ಕುಡಿದ ಹೊತ್ತಿನಲ್ಲಿ ಸರಿಯಿದ್ದ ಶುಗರ್ ನಿದ್ದೆಯಲ್ಲೋ ಮರುದಿನ ಬೆಳಿಗ್ಗೆಯೋ ಕುಸಿಯಬಹುದು. 24 ಗಂಟೆಯವರೆಗೂ ಈ ಅಪಾಯ ಇರುತ್ತದೆ. ರಾತ್ರಿಯೂಟ ಬಿಟ್ಟಿದ್ದರೆ, ನೇಮದ ಗದ್ದೆಯಲ್ಲಿ ಓಡಾಡಿದ್ದರೆ ಇನ್ನೂ ಹೆಚ್ಚು. ಸಿಹಿಗಳ್ಳು ಮತ್ತಷ್ಟು ಮೋಸದ್ದು: ಅದರಲ್ಲಿರುವ ಸಕ್ಕರೆಯಿಂದ ಮೊದಲು ಶುಗರ್ ಏರುತ್ತದೆ, ಏರಿತೆಂದು ಹುಡುಗ ಹೆಚ್ಚುವರಿ ಇನ್ಸುಲಿನ್ ಚುಚ್ಚಿಕೊಂಡರೆ ನಡುರಾತ್ರಿ ಪಾತಾಳಕ್ಕೆ ಇಳಿಯುತ್ತದೆ.

ಶುಗರ್ ಕುಸಿದವನೂ ತೂರಾಡುತ್ತಾನೆ, ತೊದಲುತ್ತಾನೆ, ಬೆವರುತ್ತಾನೆ, ಸಿಡುಕುತ್ತಾನೆ. ‘ಅಮಲು ಇಳಿಯಲಿ’ ಎಂದು ಮಲಗಲು ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಯ್ಯುವ ಮುಂಚೆ ಬೆರಳು ಚುಚ್ಚಿ ನೋಡಿ.

70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ. ಅದು ಸುಮಾರು 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಚಪಾತಿಯೋ ಅನ್ನವೋ ತಿನ್ನಿಸಿ. ಮಲಗುವಾಗ 140ಕ್ಕಿಂತ ಕೆಳಗಿದ್ದರೂ ಏನಾದರೂ ತಿಂದೇ ಮಲಗಬೇಕು. ಮೂರು ಗಂಟೆಗೆ ಅಲಾರಂ ಇಟ್ಟು ಇನ್ನೊಮ್ಮೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡಿ, ಮಧುಮೇಹ ಇದೆ, ಕುಡಿದಿದ್ದಾನೆ ಎಂದು ಎರಡನ್ನೂ ಹೇಳಿ. ಮನೆಯಲ್ಲಿ ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದು ಕೆಲಸ ಮಾಡುವುದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಿಂದ, ಊಟ ಬಿಟ್ಟು ಕುಡಿದವನಲ್ಲಿ ಆ ದಾಸ್ತಾನು ಕಡಿಮೆ.

ಇನ್ನೊಂದು ತುದಿಯ ಅಪಾಯ 320. ಕುಡಿದ ದಿನ ಹೆದರಿ ದೀರ್ಘಾವಧಿ ಇನ್ಸುಲಿನ್ ಪೂರ್ತಿ ಬಿಡುವ ಹುಡುಗರಿದ್ದಾರೆ. ಬಿಡಬಾರದು. 250 ದಾಟಿ ವಾಂತಿಯೂ ಇದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಹೆಚ್ಚುವ ಆಮ್ಲ) ಪರೀಕ್ಷೆ ಮಾಡಿ. ಕೀಟೋನ್ ಕಂಡರೂ, ಪರೀಕ್ಷಾ ಪಟ್ಟಿಯೇ ಇಲ್ಲದಿದ್ದರೂ ಆಸ್ಪತ್ರೆಗೆ ಹೊರಡಿ. ಗಾಂಜಾ ಸೇದುವವರಲ್ಲಿ ಈ ಕೀಟೋನ್ ತೊಂದರೆ ಹೆಚ್ಚು ಕಾಣುತ್ತದೆ. ಸಿಗರೇಟಿನ ನಿಕೋಟಿನ್ ಇನ್ಸುಲಿನ್‌ನ ಪರಿಣಾಮವನ್ನು ತಗ್ಗಿಸುತ್ತದೆ, ಮೂತ್ರಪಿಂಡದ ಹಾನಿಯನ್ನು ಬೇಗ ತರುತ್ತದೆ.

ಈಗ ಮಾತಿನ ವಿಷಯ. ಹೊಡೆತದಿಂದ ಕುಡಿತ ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಮಧುಮೇಹವಿರುವ ಹುಡುಗನಿಗೆ ಹೇಳದೆ ಮಲಗುವುದೇ ಪ್ರಾಣಕ್ಕೆ ಸಂಚಕಾರ. ಮೊಬೈಲ್ ಹಿಂದಿರುಗಿಸಿ. ತಂದೆಯವರೇ ಹೀಗೆ ಹೇಳಲಿ: ‘ನೀನು ಕುಡಿಯುವುದು ನಮಗೆ ಒಪ್ಪಿಗೆಯಿಲ್ಲ. ಆದರೂ ಕುಡಿದ ದಿನ ಎಷ್ಟು ಹೊತ್ತಾದರೂ ಫೋನ್ ಮಾಡು, ಕರೆದುಕೊಂಡು ಬರುತ್ತೇನೆ, ಆ ರಾತ್ರಿ ಒಂದು ಮಾತೂ ಬಯ್ಯುವುದಿಲ್ಲ.’ ಜೊತೆಗೆ ಹೋಗುವ ಒಬ್ಬ ಗೆಳೆಯನಿಗಾದರೂ ಅವನ ಕಾಯಿಲೆ ಮತ್ತು ಜೇಬಿನ ಗ್ಲೂಕೋಸ್ ಗೊತ್ತಿರಲಿ.

ಬಿಡುವಾದಾಗ ಗ್ಲೂಕೋಮೀಟರಿನ ಹಳೆಯ ಲೆಕ್ಕವನ್ನು ಅವನ ಜೊತೆ ಕೂತು ನೋಡಿ. ವಾರದ ದಿನಗಳು ಸರಿಯಿದ್ದು ಭಾನುವಾರ ಬೆಳಿಗ್ಗೆ ಮಾತ್ರ 60 ಇದ್ದರೆ ಶನಿವಾರ ರಾತ್ರಿಯ ಬಗ್ಗೆ ಕೇಳಿ. ಶಾಲೆಯ ದಿನಗಳಲ್ಲಿ ಸಂಜೆ 320 ಇದ್ದರೆ ಮಧ್ಯಾಹ್ನದ ಇನ್ಸುಲಿನ್ ಬಗ್ಗೆ ಕೇಳಿ. ಗೆಳೆಯರ ಎದುರು ನಾಚಿ ಅದನ್ನು ಬಿಡುತ್ತಿರಬಹುದು. ಕುಡಿತವೂ ಇದೇ ಬೇರಿನದ್ದಾಗಿರಬಹುದು: ‘ನಾನೂ ಎಲ್ಲರ ಹಾಗೆ’ ಎಂದು ತೋರಿಸಿಕೊಳ್ಳುವ ಆಸೆ. ಹೀಗಿದ್ದಲ್ಲಿ ಶಾಲೆಯಲ್ಲಿ ಚುಚ್ಚಿಕೊಳ್ಳಲು ಒಂದು ಮರೆಯಾದ, ಸ್ವಚ್ಛ ಜಾಗ ಸಿಕ್ಕಿದರೆ ಅರ್ಧ ತಾಪತ್ರಯ ಕಡಿಮೆಯಾಗುತ್ತದೆ.

ಡಾಕ್ಟರ ಬಳಿ ಹೋದಾಗ ನೀವು ಹತ್ತು ನಿಮಿಷ ಹೊರಗೆ ಕೂರಿ. ಜೀವಕ್ಕೆ ಅಪಾಯವಿಲ್ಲದ ಮಾತನ್ನು ಗುಟ್ಟಾಗಿಡುತ್ತೇನೆಂದು ಡಾಕ್ಟರು ಅವನಿಗೆ ಮೊದಲೇ ಹೇಳಬೇಕು. ಕುಡಿತ ಎಷ್ಟು ಅಪಾಯ ಮುಟ್ಟಿದೆ ಎಂದು ತಿಳಿಯಲು ಡಾಕ್ಟರು ಕೇಳುವ ‘ಕ್ರಾಫ್ಟ್’ ಎಂಬ ಆರು ಪ್ರಶ್ನೆಗಳಿವೆ: ಕುಡಿದವರು ಓಡಿಸುವ ವಾಹನದಲ್ಲಿ ಕೂತದ್ದು, ಮನಸ್ಸು ಹಗುರಾಗಲೆಂದು ಕುಡಿದದ್ದು, ಒಬ್ಬನೇ ಇದ್ದಾಗ ಕುಡಿದದ್ದು, ಮಾಡಿದ್ದು ಮರೆತುಹೋದದ್ದು, ಮನೆಯವರೋ ಗೆಳೆಯರೋ ಕಡಿಮೆ ಮಾಡೆಂದದ್ದು, ಪೇಚಿಗೆ ಸಿಕ್ಕಿದ್ದು. ಎರಡಕ್ಕೆ ‘ಹೌದು’ ಬಂದರೆ ಪೂರ್ಣ ತಪಾಸಣೆ ಬೇಕು. ಜೀವನದ ಗುಣಮಟ್ಟ ಅಳೆಯಲು ‘ಪೆಡ್ಸ್‌ಕ್ಯೂಎಲ್’ ಎಂಬ 23 ಪ್ರಶ್ನೆಗಳ ನಮೂನೆಯಿದೆ. ದೇಹ, ಮನಸ್ಸು, ಒಡನಾಟ, ಶಾಲೆ ಎಂಬ ನಾಲ್ಕು ಭಾಗ, 0ರಿಂದ 100 ಅಂಕ. ಅವನೂ ನೀವೂ ಬೇರೆಬೇರೆಯಾಗಿ ತುಂಬಿ. ಎರಡೂ ತಾಳೆಯಾಗುವುದು ಅಪರೂಪ. ಎಲ್ಲಿ ಹೆಚ್ಚು ವ್ಯತ್ಯಾಸವಿದೆಯೋ ಅಲ್ಲಿಂದಲೇ ಮಾತು ಶುರುವಾಗಲಿ.

ಕನ್ನಡದಲ್ಲೇ ಆಪ್ತಸಲಹೆ ಬೇಕಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಸಹಾಯವಾಣಿ 14405. ಮಕ್ಕಳಿಗೆ ಮದ್ಯ, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ ಏಳು ವರ್ಷದವರೆಗೆ ಸೆರೆವಾಸವಿದೆ. ತಪ್ಪಿತಸ್ಥರು ಮಾರಿದವರು, ನಿಮ್ಮ ಮಗನಲ್ಲ.

ಪ್ರಶ್ನೆ: ಮಗಳಿಗೆ 16, ಆಸ್ತಮಾ ಇದೆ. ಗೆಳತಿಯರ ಜೊತೆ ವೇಪ್ (ಇ-ಸಿಗರೇಟು) ಸೇದಿದ್ದಾಳೆ. ‘ಸಿಗರೇಟಲ್ಲ, ಬರೀ ಹಬೆ’ ಎನ್ನುತ್ತಾಳೆ.
– ಉಪ್ಪಳದ ಓದುಗರು

ಉತ್ತರ: ಹಬೆಯಲ್ಲ. ಸಾಮಾನ್ಯವಾಗಿ ಅದರಲ್ಲಿ ನಿಕೋಟಿನ್ ಇರುತ್ತದೆ, ಶ್ವಾಸನಾಳ ಕೆರಳಿಸುವ ರಾಸಾಯನಿಕಗಳೂ ಇರುತ್ತವೆ. ಭಾರತದಲ್ಲಿ 2019ರಿಂದ ಅದರ ಮಾರಾಟಕ್ಕೆ ನಿಷೇಧವಿದೆ, ಆದ್ದರಿಂದ ಕದ್ದು ಬರುವ ಮಾಲಿನೊಳಗೆ ಏನಿದೆ ಎಂದು ಯಾರೂ ಹೇಳಲಾರರು. ಅವಳು ಸಿಗರೇಟಿಗೆ ಇಳಿದರೆ ದಿನವೂ ಎಳೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರಿನ ಗುಣವೂ ಕುಗ್ಗುತ್ತದೆ. ವಾದ ಮಾಡುವ ಬದಲು ಉಸಿರಾಟ ಸಲೀಸು ಮಾಡುವ ನೀಲಿ ಇನ್‌ಹೇಲರಿನ ಲೆಕ್ಕವಿಡಿ. ಒಂದರಲ್ಲಿ 200 ಪಫ್ ಇರುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಅದು ಬೇಕಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ. ವರ್ಷಕ್ಕೆ ಮೂರು ಖಾಲಿಯಾದರೆ ತೀವ್ರ ದಾಳಿಯ ಸಂಭವ ಹೆಚ್ಚು, ಕೂಡಲೇ ಔಷಧಿ ಬದಲಿಸಲು ಡಾಕ್ಟರನ್ನು ಕಾಣಿ. ಹೋಗುವಾಗ ಇನ್‌ಹೇಲರ್, ಸ್ಪೇಸರ್ ಎರಡನ್ನೂ ಒಯ್ದು, ಹೇಗೆ ಎಳೆಯುತ್ತಾಳೆಂದು ಅವರೆದುರೇ ತೋರಿಸಲಿ.