ಸಮುದ್ರದ ನಡುವೆ ಗ್ರಾನೈಟ್ ಹೇಗೆ ಬಂತು?

ಪ್ರಶ್ನೆ: ನಡುಸಾಗರದ ದ್ವೀಪಗಳು ಜ್ವಾಲಾಮುಖಿಯಿಂದ ಹುಟ್ಟುತ್ತವೆ ಅಂತ ಓದಿದ್ದೆ. ಆದರೆ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳ ಫೋಟೊಗಳಲ್ಲಿ ಕಾಣುವುದು ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳು. ಖಂಡದ ಕಲ್ಲು ಅಲ್ಲಿಗೆ ಹೋಗಿದ್ದು ಹೇಗೆ?

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ. ಆ ಕಲ್ಲು ಸಮುದ್ರಕ್ಕೆ ಹೋಗಿದ್ದಲ್ಲ, ಸಮುದ್ರವೇ ಅದರ ಸುತ್ತ ಬಂದಿದ್ದು. ಸೇಶೆಲ್ಸ್‌ನ ಮಾಹೆ ದ್ವೀಪದ ಗ್ರಾನೈಟ್‌ಗೆ ಸುಮಾರು 75 ಕೋಟಿ ವರ್ಷ. ಹಿಂದೂ ಮಹಾಸಾಗರದ ತಳಕ್ಕೆ 20 ಕೋಟಿ ವರ್ಷವೂ ಆಗಿಲ್ಲ.

ಒಂದು ಕಾಲದಲ್ಲಿ ಮಡಗಾಸ್ಕರ್, ಸೇಶೆಲ್ಸ್, ಭಾರತ ಮೂರೂ ಅಂಟಿಕೊಂಡಿದ್ದವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರೆಯಾಯಿತು. ಆಗ ಉಕ್ಕಿದ ಲಾವಾವನ್ನು ನೀವು ಮಲ್ಪೆಯಿಂದ ದೋಣಿ ಹತ್ತಿ ಹೋಗಿ ನೋಡಬಹುದು: ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಅದೇ ಕಾಲದವು. ಸೇಶೆಲ್ಸ್ ಮಾತ್ರ ಭಾರತದ ಪಶ್ಚಿಮ ಅಂಚಿನಲ್ಲೇ ಉಳಿಯಿತು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಲಾವಾ ಹರಿಯಿತು. ಅದಾಗಿ ಸ್ವಲ್ಪ ಕಾಲಕ್ಕೆ, ಮಡಗಾಸ್ಕರನ್ನು ದೂರ ಮಾಡುತ್ತಿದ್ದ ಬಿರುಕು ಜಾಗ ಬದಲಿಸಿತು. ಮಡಗಾಸ್ಕರ್ ಕಡೆ ಸಾಗರತಳ ಬೆಳೆಯುವುದು ನಿಂತು, ಸೇಶೆಲ್ಸ್ ಮತ್ತು ಭಾರತದ ನಡುವೆ ಹೊಸ ತಳ ಶುರುವಾಯಿತು. ಸಮುದ್ರತಳ ಬಿಟ್ಟು ಖಂಡದ ಅಂಚೇ ಯಾಕೆ ಸೀಳಬೇಕು ಅಂತ ಕೇಳಬಹುದು ಅಲ್ವಾ? ತಣ್ಣಗಾದ ಸಾಗರತಳ ತುಂಬಾ ಗಟ್ಟಿ. ಖಂಡದ ಅಂಚು ಮೊದಲ ಒಡಕಿನಲ್ಲೇ ಎಳೆದು ತೆಳುವಾಗಿರುತ್ತದೆ. ಕೆಳಗಿನಿಂದ ಬಿಸಿ ಏರಿದರೆ ಇನ್ನೂ ಮೆತ್ತಗಾಗುತ್ತದೆ. ಹೀಗೆ ಅಂಚಿನ ಒಂದು ಪಟ್ಟಿ ಕಿತ್ತುಬಂದು ಹಿಂದೆ ಉಳಿಯಿತು, ಭಾರತ ಉತ್ತರಕ್ಕೆ ಸಾಗಿತು. ಬೇರೆ ಸಾಗರಗಳಲ್ಲೂ ಇಂಥ ತುಣುಕುಗಳಿವೆ, ಆದರೆ ಸೇಶೆಲ್ಸ್‌ನಷ್ಟು ಸ್ಪಷ್ಟವಾಗಿ ನೀರಿನ ಮೇಲೆ ಕಾಣುವುದು ಅಪರೂಪ.

ಮಾರಿಷಸ್ ಕಥೆ ನನಗೆ ಇನ್ನೂ ಇಷ್ಟ. ಅದು ಅಪ್ಪಟ ಜ್ವಾಲಾಮುಖಿ ದ್ವೀಪ, ಅಲ್ಲಿನ ಲಾವಾಕ್ಕೆ 1 ಕೋಟಿ ವರ್ಷವೂ ಇಲ್ಲ. ಆದರೆ 2013ರಲ್ಲಿ ಅಲ್ಲಿನ ಕಡಲತೀರದ ಮರಳಲ್ಲಿ ಹತ್ತಾರು ಕೋಟಿ ವರ್ಷ ಹಳೆಯ ಜಿರ್ಕಾನ್ ಹರಳುಗಳು ಸಿಕ್ಕವು. ಜಿರ್ಕಾನ್ ಹೆಚ್ಚಾಗಿ ಹುಟ್ಟುವುದು ಗ್ರಾನೈಟ್‌ನಂಥ ಖಂಡದ ಕಲ್ಲಿನಲ್ಲಿ. ಮರಳು ಅಂದಮೇಲೆ ಬೇರೆ ಕಡೆಯಿಂದ ಬಂದಿರಬಹುದು ಅನ್ನುವ ಅನುಮಾನ ಇದ್ದೇ ಇತ್ತು. 2017ರಲ್ಲಿ ದಕ್ಷಿಣ ಆಫ್ರಿಕಾದ ಲೂಯಿಸ್ ಆಶ್ವಾಲ್ ಮತ್ತು ಸಂಗಡಿಗರು ಮರಳನ್ನು ಬಿಟ್ಟು ಬಂಡೆಯೊಳಗೇ ಹುಡುಕಿದರು. ಸಿಕ್ಕ ಕೆಲವು ಹರಳುಗಳಿಗೆ ಸುಮಾರು 300 ಕೋಟಿ ವರ್ಷ. ಗಾಳಿಯೋ ಅಲೆಯೋ ಅವನ್ನು ಬಂಡೆಯೊಳಗೆ ತುರುಕಲು ಆಗುವುದಿಲ್ಲ. ಮೇಲೆ ಬರುವ ದಾರಿಯಲ್ಲಿ ಲಾವಾ ಹಳೆಯ ಖಂಡದ ತುಣುಕೊಂದನ್ನು ಸೀಳಿಕೊಂಡು ಬಂದಿದೆ, ಆ ತುಣುಕು ಈಗಲೂ ಮಾರಿಷಸ್ ಅಡಿಯಲ್ಲಿದೆ.